ಒಂದೂಕಾಲು ಇಂಚು

ಒಂದು ಕಾಡತೂಸಿಗೆ ಇಪ್ಪತ್ತು ರೂಪಾಯಿ. ಗುರಿಗಾಗಿ ಯಂತ್ರ ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗೆ ನಾಲ್ಕು. ಇಪ್ಪತ್ತೈದು ಬಿಲ್ಲೆಗಳ ಒಂದು ಸುತ್ತು ಹೊಡೆದರೆ, ಮೊದಲ ಏಟು ತಪ್ಪಿದಾಗ ಹಾರಿಸುವ ಎರಡನೆಯದೂ ಸೇರಿ, ಎಂಟುನೂರು ರೂಪಾಯಿ ಹೊಗೆಯಾಗುತ್ತದೆ. ಎರಡು ಸಾವಿರದ ಮೂರನೆಯ ಇಸವಿಯ ಜನವರಿಯಲ್ಲಿ ಗಾಂಧಿ ಬಜಾರಿನಲ್ಲಿ ಅವರೆಕಾಯಿ ಕಿಲೋಗೆ ಹದಿನೈದು ರೂಪಾಯಿ ಇತ್ತು. ಚಾಮರಾಜಪೇಟೆಯ ಮನೆಯಲ್ಲಿ ಕಾಯಿ ಸುಲಿಯುತ್ತ ಕೂತಿದ್ದ ಮಹಾನಂದ ಎರಡನ್ನೂ ತಾಳೆ ಹಾಕಿ ನೋಡಿದಳು.

“ಒಂದು ಭಾನುವಾರಕ್ಕೆ ಐವತ್ಮೂರು ಕೆಜಿ ಅವರೆಕಾಯಿ,” ಎಂದಳು.

“ಅಷ್ಟು ಯಾರು ತಿಂತಾರಮ್ಮ?” ಎಂದಳು ಮಗಳು ಐಶ್ವರ್ಯ. ಅವಳಿಗೆ ಹದಿನೆಂಟು ತುಂಬಿತ್ತು, ಬಿ.ಕಾಂ. ಎರಡನೇ ವರ್ಷ.

“ನೀನು ಸುಲಿದು ಕೊಡು, ನಾನು ತಿಂತೀನಿ.”

ಮಾತಿಗೆ ಕಾರಣವಾದ ಕೋವಿ ದಿವಾನದ ಮೇಲೆ ಉದ್ದನೆಯ ಪೆಟ್ಟಿಗೆಯಲ್ಲಿ ಮಲಗಿತ್ತು. ಐಶ್ವರ್ಯಳ ತಾತ ನಂಜುಂಡಯ್ಯನವರು ತೀರಿಕೊಂಡು ಎರಡು ವರ್ಷ. ಲೈಸೆನ್ಸು ಮಗ ಈಶ್ವರನ ಹೆಸರಿಗೆ ಬರುವವರೆಗೂ ಅದು ಕೋವಿ ಅಂಗಡಿಯವನ ಬಳಿ ಠೇವಣಿಯಿತ್ತು. ಈಶ್ವರ ಅಂದು ಬೆಳಿಗ್ಗೆಯಷ್ಟೇ ಬಿಡಿಸಿಕೊಂಡು ಬಂದಿದ್ದ.

“ಅಂಗಡಿಯವನು ಒಂದು ಲಕ್ಷದ ಹತ್ತು ಸಾವಿರ ಕೊಡ್ತೀನಿ ಅಂದ. ಅಪ್ಪನೇ ಮಾಡಿದ ಸ್ಟಾಕು ಅಂತ ಆ ಬೆಲೆ, ಇಲ್ದಿದ್ರೆ ಎಪ್ಪತ್ತು ದಾಟ್ತಿರಲಿಲ್ಲವಂತೆ,” ಎಂದ ಈಶ್ವರ.

“ನೀವೇನಂದ್ರಿ?”

“ಮನೇಲಿ ಕೇಳ್ತೀನಿ ಅಂದೆ.”

“ಮನೇಲಿ ಯಾರನ್ನ ಕೇಳ್ತೀರೋ ನಂಗೊತ್ತು,” ಎಂದು ಮಹಾನಂದ ಅತ್ತೆಯ ಕಡೆ ನೋಡಿದಳು.

ವಿಶಾಲಮ್ಮ ಎದ್ದು ಬಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಕೋವಿಯ ಹಿಂಬದಿಯಲ್ಲಿ ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗವೇ ಸ್ಟಾಕು. ಅದರ ಮೇಲೆ ಕೆನ್ನೆ ಇಟ್ಟೇ ಗುರಿ ನೋಡುವುದು. ಅಕ್ರೋಟು ಮರ, ಬೆಲ್ಲದ ಪಾಕದ ಬಣ್ಣ. ಮೇಲ್ತುದಿಯಲ್ಲಿ ಅಂಗೈ ಅಗಲದ ಒಂದು ಜಾಗ ಮಾತ್ರ ಕಪ್ಪಾಗಿ ನುಣುಪಾಗಿತ್ತು. ಮೂವತ್ತು ವರ್ಷ ನಂಜುಂಡಯ್ಯನವರು ಕೆನ್ನೆ ಒತ್ತಿದ ಜಾಗ. ವಿಶಾಲಮ್ಮ ಅದನ್ನು ಹೆಬ್ಬೆರಳಿನಿಂದ ಸವರಿ, ಮುಚ್ಚಳ ಹಾಕಿ, ಅಡುಗೆಮನೆಗೆ ಹೋದರು. ಮಾರುವ ಮಾತು ಅಲ್ಲಿಗೆ ಮುಗಿಯಿತು.

ನಂಜುಂಡಯ್ಯನವರದು ಬಿನ್ನಿಪೇಟೆಯಲ್ಲಿ ಮರದ ಡಿಪೋ. ಹಣೆತುಂಬ ವಿಭೂತಿ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ, ಹಾರುವ ಬಿಲ್ಲೆ ಹೊಡೆಯುವುದರಲ್ಲಿ ಆರು ಸಲ ರಾಜ್ಯಕ್ಕೇ ಮೊದಲನೆಯವರಾಗಿದ್ದರು. ಬೀದಿಯಲ್ಲಿ ಹೊಸದಾಗಿ ಬಂದವರು “ಹಕ್ಕಿ ಹೊಡೀತೀರಂತೆ?” ಎಂದರೆ “ಇಲ್ಲ ಸ್ವಾಮಿ, ಮಣ್ಣು ಹೊಡೀತೀನಿ” ಎನ್ನುತ್ತಿದ್ದರು.

ಸ್ಟಾಕು ಮಾಡುವುದರಲ್ಲೂ ಅವರಿಗೆ ಹೆಸರಿತ್ತು. ಮೈಸೂರು, ಹೈದರಾಬಾದಿನಿಂದ ಜನ ಬರುತ್ತಿದ್ದರು. ಬಂದವರಿಗೆ ಮೊದಲು ಊಟ. ಅಳತೆ ಪಟ್ಟಿಯ ಮಾತೇ ಇಲ್ಲ. ಗಿರಾಕಿ ರೊಟ್ಟಿ ಮುರಿದು ಬಾಯಿಗೆ ಒಯ್ಯುವಾಗ ಕತ್ತು ಬಗ್ಗಿಸುತ್ತಾನೋ, ಕೈಯನ್ನೇ ಎತ್ತುತ್ತಾನೋ, ಭುಜ ಯಾವ ಕಡೆ ಇಳಿಯುತ್ತದೆ, ಇದನ್ನೆಲ್ಲ ಎದುರಿಗೆ ಕೂತು ನೋಡುತ್ತಿದ್ದರು. ಪಟ್ಟಿ ಹಿಡಿದು ನಿಲ್ಲಿಸಿದರೆ ಎಲ್ಲರೂ ಸಿಪಾಯಿಗಳಂತೆ ಸೆಟೆದು ನಿಲ್ಲುತ್ತಾರೆ, ಉಣ್ಣುವಾಗ ಯಾರೂ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಅನುಭವ. ಬಡಿಸುತ್ತಿದ್ದವರು ವಿಶಾಲಮ್ಮ. ಆಮೇಲೆ ನಲವತ್ತು ಸಲ ಅಗಸೆ ಎಣ್ಣೆ ತಿಕ್ಕುತ್ತಿದ್ದವರೂ ಅವರೇ. ಹೊರಗಿನವರಿಗೆ ಅದು ಗೊತ್ತಿರಲಿಲ್ಲ. ಕೇಳಿದವರೂ ಇಲ್ಲ.

ಆ ವಾರವೇ ನರಸಿಂಹಯ್ಯ ಬಂದರು. ನಂಜುಂಡಯ್ಯನವರ ಜೊತೆ ಇಪ್ಪತ್ತೈದು ವರ್ಷ ಬಿಲ್ಲೆ ಹೊಡೆದವರು, ಈಗ ಕ್ಲಬ್ಬಿನ ಕಾರ್ಯದರ್ಶಿ.

“ವಿಶಾಲಮ್ಮನೋರೆ, ಫೆಬ್ರವರಿ ಮೂರನೇ ಭಾನುವಾರ ಯಜಮಾನರ ಹೆಸರಲ್ಲಿ ಒಂದು ಕಪ್ ಇಟ್ಟಿದೀವಿ. ಐವತ್ತು ಬಿಲ್ಲೆ. ಇಪ್ಪತ್ತೆಂಟು ಜನ ಹೆಸರು ಕೊಟ್ಟಿದಾರೆ. ಈ ಮನೆಯಿಂದ ಒಬ್ಬರಾದ್ರೂ ನಿಲ್ಲಬೇಕು.”

“ನಾನು ನಿಲ್ತೀನಿ,” ಎಂದಳು ಐಶ್ವರ್ಯ, ಅವರ ಮಾತು ಮುಗಿಯುವ ಮೊದಲೇ.

“ಯಾವ ಕೋವಿ?” ಎಂದರು ನರಸಿಂಹಯ್ಯ. ಹದಿನಾಲ್ಕನೇ ವಯಸ್ಸಿನಿಂದ ಅವಳು ತಾತನ ಜೊತೆ ಹೋಗಿ ಕ್ಲಬ್ಬಿನ ಸಣ್ಣ ಕೋವಿಯಲ್ಲಿ ಕಲಿತಿದ್ದಳು. “ಆ ಸಣ್ಣದನ್ನ ಹೋದ ವರ್ಷ ಮಾರಿದ್ವಿ ಮಗು.”

“ತಾತಂದಿದೆಯಲ್ಲ.”

ಮಹಾನಂದ ಕಾಫಿ ಲೋಟ ಇಡುತ್ತ, “ಲೈಸೆನ್ಸ್ ಇವರ ಹೆಸರಲ್ಲಿದೆ. ಇವಳು ಹೋದ ಕಡೆಗೆಲ್ಲ ಇವರೂ ಹೋಗ್ಬೇಕು. ಭಾನುವಾರದ ಗಿರಾಕಿಗಳು ಪಕ್ಕದ ಡಿಪೋಗೆ ಹೋಗ್ತಾರೆ. ಅದನ್ನೂ ಸೇರಿಸ್ಕೊಳ್ಳಿ ಖರ್ಚಿಗೆ,” ಎಂದಳು.

“ನಾಲ್ಕೇ ಭಾನುವಾರ ಕಣೇ,” ಎಂದ ಈಶ್ವರ. ಅವನ ಮುಖ ಮಗಳ ಮುಖಕ್ಕಿಂತ ಹೆಚ್ಚು ಅರಳಿತ್ತು. ಅಪ್ಪ ಎಷ್ಟು ಕಲಿಸಿದರೂ ಅವನ ಏಟಿಗೆ ಬಿಲ್ಲೆ ಒಡೆದಿರಲಿಲ್ಲ.

ಮೊದಲ ಭಾನುವಾರ ಕ್ಲಬ್ಬಿನವರು ಬಿಲ್ಲೆ ಹೊಡೆಯುವ ಮೈದಾನಕ್ಕೆ, ರೇಂಜಿಗೆ, ಹೋದರು. ನಂಜುಂಡಯ್ಯನವರು ಆರಡಿ ಆಳು, ಮೊಮ್ಮಗಳು ಐದಡಿ ಎರಡಂಗುಲ. ಕೋವಿ ಎತ್ತಿದಾಗಲೆಲ್ಲ ಸ್ಟಾಕಿನ ಹಿಂತುದಿ ಕಂಕುಳಿಗೆ ಸಿಕ್ಕಿಕೊಂಡಿತು. ಭುಜದ ಗುಳಿಯಲ್ಲಿ ಕೂರುವುದು ಬಿಟ್ಟು ತೋಳಿನ ಮೇಲೆ ಕೂತಿತು. ಇಪ್ಪತ್ತೈದರಲ್ಲಿ ಒಂಬತ್ತು ಬಿಲ್ಲೆ ಒಡೆದಳು. ಸಂಜೆ ಸ್ನಾನಕ್ಕೆ ಹೋದಾಗ ಮಹಾನಂದ ಮಗಳ ತೋಳು ನೋಡಿದಳು. ನೇರಳೆ ಹಣ್ಣನ್ನು ಜಜ್ಜಿ ಮೆತ್ತಿದ ಹಾಗಿತ್ತು.

“ರೀ, ಬನ್ನಿ ಇಲ್ಲಿ. ಎಂಟುನೂರು ರೂಪಾಯಿ ಕೊಟ್ಟು ತಂದಿರೋದು ನೋಡಿ.”

ರಾತ್ರಿಯ ಊಟಕ್ಕೆ ಹಿತಕಿದ ಬೇಳೆ ಸಾರು, ಮುದ್ದೆ. ಯಾರಿಗೂ ರುಚಿ ತಿಳಿಯಲಿಲ್ಲ.

“ಅಮ್ಮ, ಒಂದೂಕಾಲು ಇಂಚು ಕತ್ತರಿಸಿದ್ರೆ ಆಯ್ತು,” ಎಂದ ಈಶ್ವರ. “ಹಿಂದಿನ ರಬ್ಬರ್ ಪಟ್ಟಿ ಬಿಚ್ಚಿ, ಗರಗಸ ಹಾಕಿ, ಮತ್ತೆ ಪಟ್ಟಿ ಕೂರಿಸೋದು. ಅರ್ಧ ಗಂಟೆ ಕೆಲಸ.”

“ಬರೀ ಹಿಂದೆ ಕತ್ತರಿಸಿದ್ರೆ ಆಯ್ತೇನೋ?” ಎಂದರು ವಿಶಾಲಮ್ಮ. “ಮರ ಗಿಡ್ಡ ಆದ್ರೆ ಇವಳ ಕೆನ್ನೆ ಮುಂದಕ್ಕೆ ಬರುತ್ತೆ. ಅಲ್ಲಿ ಮರ ಎತ್ತರ. ಕಣ್ಣು ಮೇಲಾಗುತ್ತೆ, ಏಟು ಬಿಲ್ಲೆ ತಲೆ ಮೇಲೆ ಹೋಗುತ್ತೆ. ಮೇಲ್ಗಡೆನೂ ಅರ ಹಾಕಿ ಇಳಿಸ್ಬೇಕು. ಅವರ ಕೆನ್ನೆ ಇರೋ ಜಾಗ ಅದು. ನಾನು ಬಿಡಲ್ಲ.”

“ಅಜ್ಜಿ, ತಾತನ ಫೋಟೋ ಗೋಡೆ ಮೇಲೆ ಇದೆಯಲ್ಲ.”

“ಫೋಟೋ ಸ್ಟುಡಿಯೋದವನು ಮಾಡಿದ್ದು ಕಣೆ. ಇದು ಅವರೇ ಮಾಡಿದ್ದು.”

ಮಹಾನಂದ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವಳಿಗೆ ಆ ರಾತ್ರಿ ಅತ್ತೆಯ ಮಾತೇ ಸರಿ ಎನಿಸಿತ್ತು, ಯಾಕೆಂದರೆ ಮಗಳು ಹೋಗುವುದು ತಪ್ಪುತ್ತದೆ.

ಆದರೆ ಈಶ್ವರ ಸುಮ್ಮನಿರಲಿಲ್ಲ. ಡಿಪೋದ ಅಟ್ಟದ ಮೇಲೆ ಅಪ್ಪ ಒಣಗಲು ಇಟ್ಟಿದ್ದ ಅಕ್ರೋಟಿನ ಒಂದು ತುಂಡು ಇತ್ತು. ಹನ್ನೆರಡು ವರ್ಷದ್ದು. ತಾನೇ ಹೊಸ ಸ್ಟಾಕು ಮಾಡುತ್ತೇನೆಂದು ಅದನ್ನು ಇಳಿಸಿದ. ಮರದ ವ್ಯಾಪಾರಿಯ ಮಗ, ಇಪ್ಪತ್ತು ವರ್ಷ ಬಾಗಿಲು ಕಿಟಕಿಗೆ ಮರ ಕೊಯ್ಯಿಸಿದವನು. ತುಂಡನ್ನು ಉದ್ದಕ್ಕೆ ಇಟ್ಟರೆ ಒಂದೇ ಸ್ಟಾಕು ಬರುತ್ತಿತ್ತು, ಸ್ವಲ್ಪ ಓರೆ ಮಾಡಿದರೆ ಎರಡು. ಅವನು ಓರೆ ಮಾಡಿದ. ಡಿಪೋದಲ್ಲಿ ಯಾವನೇ ಆದರೂ ಹಾಗೆಯೇ ಮಾಡುತ್ತಿದ್ದ.

ಹತ್ತು ದಿನ ಮನೆಯಲ್ಲಿ ಹಬ್ಬದ ಗಲಾಟೆ. ಈಶ್ವರ ಬೆಳಿಗ್ಗೆ ಆರಕ್ಕೇ ಎದ್ದು ಡಿಪೋಗೆ ಓಡುತ್ತಿದ್ದ. ಐಶ್ವರ್ಯ ಕಾಲೇಜು ಬಿಟ್ಟೊಡನೆ ಅಲ್ಲಿಗೇ ಹೋಗುತ್ತಿದ್ದಳು. ಮೈಗೆ ಹೊಟ್ಟು ಮೆತ್ತಿಕೊಂಡು ಇಬ್ಬರೂ ಮನೆಗೆ ಬಂದು ಅಕ್ಕಿ ರೊಟ್ಟಿಯ ಮೇಲೆ ರೊಟ್ಟಿ ಮುಗಿಸುತ್ತಿದ್ದರು.

“ಅತ್ತೆ, ನೀವೊಂದ್ಸಲ ಹೋಗಿ ನೋಡಬಾರದಾ?” ಎಂದಳು ಮಹಾನಂದ.

“ಕರೆದ್ರೆ ಹೋಗ್ತೀನಿ.”

ಈಶ್ವರ ಕರೆಯಲಿಲ್ಲ. ಮುಗಿಸಿ ತೋರಿಸಿ ಆಶ್ಚರ್ಯಪಡಿಸಬೇಕೆಂದಿದ್ದ.

ತಾತನ ಕೋವಿಗೆ ಹೊಸ ಸ್ಟಾಕು ಹಾಕಿಕೊಂಡು ಫೆಬ್ರವರಿ ಎರಡನೇ ಭಾನುವಾರ ರೇಂಜಿಗೆ ಹೋದರು. ಐಶ್ವರ್ಯ ಮೊದಲ ಹತ್ತರಲ್ಲಿ ಏಳು ಒಡೆದಳು. ಈಶ್ವರ ನರಸಿಂಹಯ್ಯನವರ ಬೆನ್ನು ತಟ್ಟಿಯೇಬಿಟ್ಟ. ಹನ್ನೊಂದನೆಯ ಏಟಿಗೆ ಚಟ್ ಎಂದು ಇನ್ನೊಂದು ಸದ್ದು ಬಂತು. ಕೈ ಸುತ್ತಿ ಹಿಡಿಯುವ ಸಪೂರ ಜಾಗದಲ್ಲಿ, ಅದಕ್ಕೆ ಕತ್ತು ಎನ್ನುತ್ತಾರೆ, ಮರ ಅಡ್ಡಕ್ಕೆ ಸೀಳಿತ್ತು. ಹುಡುಗಿಗೆ ಏನೂ ಆಗಲಿಲ್ಲ. ಹೆಬ್ಬೆರಳಿಗೆ ಒಂದು ಸಿಬಿರು ಚುಚ್ಚಿತು, ಅಷ್ಟೆ.

ಮನೆಯಲ್ಲಿ ವಿಶಾಲಮ್ಮ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಒಂದರಲ್ಲಿ ಎರಡು ತೆಗೆಯೋಕೆ ಹೋದ್ಯಾ?”

ಈಶ್ವರ ಹತ್ತಿರ ಬಂದು ಬಗ್ಗಿ ನೋಡಿದ.

“ನೋಡು, ಕತ್ತಲ್ಲಿ ಎಳೆ ಅಡ್ಡ ಓಡ್ತಿದೆ. ಬಾಗಿಲ ಚೌಕಟ್ಟಿಗೆ ನಡೆಯುತ್ತೆ. ಇದಕ್ಕೆ ಎಳೆ ನೀರು ಹರಿದ ಹಾಗೆ ಉದ್ದಕ್ಕೆ ಹೋಗ್ಬೇಕು. ನಿಮ್ಮಪ್ಪ ಒಂದು ತುಂಡಿಗೆ ಒಂದೇ ತೆಗೀತಿದ್ರು. ಮಿಕ್ಕಿದ್ದರಲ್ಲಿ ಲಟ್ಟಣಿಗೆ. ಈ ಬೀದೀಲಿ ಎಷ್ಟು ಮನೇಲಿದೆ ಗೊತ್ತಾ ಅಕ್ರೋಟಿನ ಲಟ್ಟಣಿಗೆ?”

“ನಮ್ಮ ಮನೇಲೇ ಮೂರಿದೆ,” ಎಂದಳು ಮಹಾನಂದ. ಐಶ್ವರ್ಯಳಿಗೆ ಅಳುವಿನ ನಡುವೆ ನಗು ಬಂತು.

“ಎಂಟನೇ ದಿನಕ್ಕೆ ಪಂದ್ಯ,” ಎಂದ ಈಶ್ವರ. “ನರಸಿಂಹಯ್ಯನವರಿಗೆ ಫೋನ್ ಮಾಡಿ ಹೆಸರು ತೆಗೆಸ್ತೀನಿ.”

“ತೆಗೆಸ್ಬೇಡಿ,” ಎಂದಳು ಐಶ್ವರ್ಯ. “ತಾತನ ಕೋವಿ ಹೇಗಿದೆಯೋ ಹಾಗೇ ಹಿಡ್ಕೊಂಡು ಹೋಗ್ತೀನಿ. ಒಂಬತ್ತು ಒಡೆದ್ರೆ ಒಂಬತ್ತು. ತಾತನ ಹೆಸರಿನ ಕಪ್ಪಿಗೆ ಈ ಮನೆಯಿಂದ ಯಾರೂ ನಿಂತಿಲ್ಲ ಅನ್ನಿಸ್ಕೊಳ್ಳಲ್ಲ.”

“ತೋಳು ಮುರ್ಕೊಂಡು ಬಾ,” ಎಂದಳು ತಾಯಿ.

“ಮುರಿದ್ರೆ ಎಡಗೈಲಿ ಪರೀಕ್ಷೆ ಬರೀತೀನಿ.”

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಐಶ್ವರ್ಯ ಎರಡು ಸಲ ರೊಟ್ಟಿ ಮುರಿದು ಕೈ ಕೆಳಗಿಟ್ಟಳು. ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು, ಕಂಕುಳಿಗೆ ಟವೆಲ್ ಇಟ್ಟು, ಉದ್ದ ಸ್ಟಾಕಿನ ಆ ಕೋವಿಯನ್ನೇ ನೂರು ಸಲ ಎತ್ತಿ ಇಳಿಸಿದ್ದಳು. ತೋಳು ಮತ್ತೆ ಊದಿತ್ತು. ಬಡಿಸುತ್ತಿದ್ದ ವಿಶಾಲಮ್ಮ ಹುಚ್ಚೆಳ್ಳು ಚಟ್ನಿಯ ಬಟ್ಟಲು ಹಿಡಿದು ಅಲ್ಲೇ ನಿಂತರು.

“ಅತ್ತೆ, ಚಟ್ನಿ,” ಎಂದಳು ಮಹಾನಂದ.

“ತಡಿ. ಐಶು, ತಿನ್ನು, ನನ್ನ ನೋಡ್ಬೇಡ. ತಟ್ಟೆ ನೋಡ್ಕೊಂಡು ತಿನ್ನು.”

ಐಶ್ವರ್ಯ ತಿಂದಳು. ಅಜ್ಜಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ಕತ್ತು, ಭುಜ, ದವಡೆ ನೋಡಿದರು.

“ಇವಳು ಕತ್ತು ಬಗ್ಗಿಸಲ್ಲ, ಕೈ ಎತ್ತುತಾಳೆ,” ಎಂದರು ಕೊನೆಗೆ. “ಒಂದೂಕಾಲು ಸರಿ. ಮೇಲ್ಗಡೆ ಒಂದು ಕಾಳು ಅಕ್ಕಿಯಷ್ಟು ಇಳಿಸ್ಬೇಕು. ಈಶ್ವರನಿಗೆ ಫೋನ್ ಮಾಡು. ಸಣ್ಣ ಹಲ್ಲಿನ ಗರಗಸ ತಗೊಂಡು ಬರ್ಲಿ. ದೊಡ್ಡದಲ್ಲ ಅಂತ ಎರಡು ಸಲ ಹೇಳು.”

ಮಹಾನಂದ ಫೋನಿನ ಕಡೆ ಹೋಗಲಿಲ್ಲ. “ಅತ್ತೆ, ನಿಜವಾಗ್ಲೂ? ಆಮೇಲೆ ಅಂಟಿಸೋಕಾಗಲ್ಲ.”

“ಗೊತ್ತು ಕಣಮ್ಮ. ಮೂವತ್ತು ವರ್ಷ ಕತ್ತರಿಸೋದೇ ನೋಡಿದೀನಿ.”

ಈಶ್ವರ ಇಪ್ಪತ್ತು ನಿಮಿಷದಲ್ಲಿ ಬಂದ. ಬಿನ್ನಿಪೇಟೆಯಿಂದ ಅಷ್ಟು ಬೇಗ ಅವನು ಜನ್ಮದಲ್ಲಿ ಬಂದಿರಲಿಲ್ಲ. ವಿಶಾಲಮ್ಮ ದಾರ ಸುತ್ತಿ ಅಳತೆ ಹಿಡಿದರು, ಪೆನ್ಸಿಲಿನಲ್ಲಿ ಗೆರೆ ಎಳೆದರು. ಮಹಾನಂದ ಸ್ಟಾಕನ್ನು ಕಂಬಳಿಯಲ್ಲಿ ಸುತ್ತಿ ಒತ್ತಿ ಹಿಡಿದಳು. ಈಶ್ವರ ಗರಗಸ ಇಟ್ಟ, ತೆಗೆದ, ಮತ್ತೆ ಇಟ್ಟ.

“ಗೆರೆ ಕಾಣ್ತಿದೆಯೇನೋ?”

“ಕಾಣ್ತಿದೆಯಮ್ಮ.”

“ಹಾಗಾದ್ರೆ ಉಸಿರು ಬಿಟ್ಟು ಎಳಿ.”

ಒಂದೂಕಾಲು ಇಂಚಿನ ತುಂಡು ನೆಲಕ್ಕೆ ಬಿತ್ತು. ಅದನ್ನು ಯಾರೂ ತಕ್ಷಣ ಎತ್ತಿಕೊಳ್ಳಲಿಲ್ಲ.

ಮೇಲಿನ ಕೆಲಸ ವಿಶಾಲಮ್ಮನೇ ಹಿಡಿದರು. ಮೂರು ದಿನ ಬೇಕಾಯಿತು. ಮಹಾನಂದಳ ಕಾಡಿಗೆ ಡಬ್ಬಿ ತರಿಸಿ ಸ್ಟಾಕಿನ ಮೇಲೆ ತೆಳ್ಳಗೆ ಬಳಿಯುವುದು, ಐಶ್ವರ್ಯ ಕಣ್ಣು ಮುಚ್ಚಿ ಕೋವಿ ಎತ್ತಿ ಕೆನ್ನೆ ಇಡುವುದು, ಎಲ್ಲಿ ಕಾಡಿಗೆ ಅಳಿಸಿತೋ ಅಲ್ಲಿ ಅಜ್ಜಿ ಅರ ಹಾಕುವುದು. ಮತ್ತೆ ಕಾಡಿಗೆ, ಮತ್ತೆ ಕೆನ್ನೆ, ಮತ್ತೆ ಅರ. ಬುಧವಾರ ಐಶ್ವರ್ಯ ಮುಖ ತೊಳೆಯುವುದು ಮರೆತು ಕಾಲೇಜಿಗೆ ಹೋದಳು. ಬಸ್ಸಿನ ಕಂಡಕ್ಟರು “ದೃಷ್ಟಿಬೊಟ್ಟು ಸ್ವಲ್ಪ ದೊಡ್ಡದಾಯ್ತಲ್ಲಮ್ಮ” ಎಂದನಂತೆ.

ಕಪ್ಪು ನುಣುಪಿನ ಜಾಗ ಮೊದಲ ದಿನವೇ ಹೋಯಿತು. ಹಾಸಿದ್ದ ಪೇಪರಿನ ಮೇಲೆ ಕಂದು ಪುಡಿ ಬಿದ್ದಿತ್ತು.

“ಒಂದು ಡಬ್ಬೀಲಿ ಹಾಕಿಡ್ಲಾ ಅತ್ತೆ?” ಎಂದಳು ಮಹಾನಂದ ಮೆಲ್ಲಗೆ.

“ಯಾಕೆ, ಸಾರಿಗೆ ಹಾಕ್ತೀಯಾ?” ವಿಶಾಲಮ್ಮ ಪೇಪರ್ ಮಡಚಿ ಹಿತ್ತಲಿಗೆ ಹೋಗಿ ದಾಸವಾಳದ ಬುಡಕ್ಕೆ ಕೊಡವಿದರು. ಬಂದು ಮತ್ತೆ ಅರ ಹಿಡಿದರು. ಸೆರಗಿನಲ್ಲಿ ಒಮ್ಮೆ ಮೂಗು ಒರೆಸಿಕೊಂಡರು.

ಎಣ್ಣೆ ತಿಕ್ಕುವ ಕೆಲಸ ಮಹಾನಂದಳ ಪಾಲಿಗೆ ಬಂತು. ಬಟ್ಟೆಯಲ್ಲಲ್ಲ, ಅಂಗೈಯಲ್ಲಿ, ಮರ ಬೆಚ್ಚಗಾಗುವವರೆಗೆ. ಗುರುವಾರ ಶುಕ್ರವಾರ ಅವಳು ತಟ್ಟಿದ ರೊಟ್ಟಿಗಳೆಲ್ಲ ಅಗಸೆ ಎಣ್ಣೆಯ ವಾಸನೆ ಹೊಡೆದವು. ತಿನ್ನುವವರು ಚಟ್ನಿ ಹೆಚ್ಚು ಹಾಕಿಕೊಂಡು ತಿಂದರು.

“ಮೂರು ದಿನಕ್ಕೆ ನಲವತ್ತು ಸಲ ಆಗಲ್ಲ ಅತ್ತೆ.”

“ಆದಷ್ಟು ಆಗ್ಲಿ. ಮಿಕ್ಕಿದ್ದು ಕಪ್ ಆದ್ಮೇಲೆ ತಿಕ್ಕು.”

ಭಾನುವಾರ ಈಶ್ವರನ ಓಮ್ನಿಯಲ್ಲಿ ಐದು ಗಂಟೆಗೇ ಹೊರಟರು. ಚಿತ್ರಾನ್ನ, ಮೊಸರನ್ನ, ಒಂದು ಡಬ್ಬ ಕೋಡುಬಳೆ. ಮಹಾನಂದ ರೇಂಜಿಗೆ ಬರುತ್ತಿದ್ದುದು ಇದೇ ಮೊದಲು. ಐದು ಜಾಗಗಳಲ್ಲಿ ಐವರು ಸಾಲಾಗಿ ನಿಂತು, ಸರದಿ ಬಂದವರು “ಪುಲ್” ಎಂದು ಕೂಗಿದೊಡನೆ ಮುಂದಿನ ಗುಂಡಿಯಿಂದ ಕಿತ್ತಳೆ ಬಣ್ಣದ ಬಿಲ್ಲೆ ಚಿಮ್ಮಿ ಎಡಕ್ಕೋ ಬಲಕ್ಕೋ ಹಾರುತ್ತಿತ್ತು. ಒಡೆದರೆ ಗಾಳಿಯಲ್ಲಿ ಪುಡಿ.

“ಇಷ್ಟು ಬೇಗ ಹೋಗುತ್ತಾ ಅದು?” ಎಂದಳು ಮಹಾನಂದ. “ಇದನ್ನ ನನ್ನ ಮಗಳು ಹೊಡೀತಾಳಾ?”

ಐಶ್ವರ್ಯಳ ಮೊದಲ ಬಿಲ್ಲೆ ಪುಡಿಯಾಯಿತು. ಮಹಾನಂದ ಎದ್ದು ನಿಂತಳು. ಎರಡನೆಯದೂ ಪುಡಿಯಾದಾಗ ಈಶ್ವರನ ಭುಜಕ್ಕೆ ಗುದ್ದಿದಳು. ಮೂರನೆಯದು ತಪ್ಪಿದಾಗ “ಗಾಳಿ ಬಂತು, ಅದು ಲೆಕ್ಕಕ್ಕಿಲ್ಲ” ಎಂದಳು. ಪಕ್ಕದವರು ತಿರುಗಿ ನೋಡಿದರು.

ಮೊದಲ ಸುತ್ತು ಹದಿನೇಳು. ನೀರು ಕುಡಿಯಲು ಬಂದ ಮೊಮ್ಮಗಳನ್ನು ವಿಶಾಲಮ್ಮ ಕುರ್ಚಿಯ ಹತ್ತಿರಕ್ಕೆ ಕರೆದರು.

“ಕೆನ್ನೆ ಎತ್ತುತಿದೀಯ. ಬೆರಳಲ್ಲಿ ಕುದುರೆ ಎಳೆದು ಗುಂಡು ಹಾರಿಸೋ ಹೊತ್ತಿಗೆ ಒಂದು ಎಳೆಯಷ್ಟು ಮೇಲೆ ಬರ್ತಿದೆ.”

“ತೋಳಿಗೆ ಹೊಡೆಯುತ್ತೆ ಅಂತ ಭಯ ಅಜ್ಜಿ. ಅಭ್ಯಾಸ ಆಗ್ಬಿಟ್ಟಿದೆ.”

“ಅದು ಹಳೇ ಅಳತೆ. ಇದು ನಿನ್ನದು. ಇವತ್ತು ಒಂದು ಸಲನಾದ್ರೂ ಹೊಡೀತಾ?”

ಐಶ್ವರ್ಯ ತೋಳು ಮುಟ್ಟಿ ನೋಡಿಕೊಂಡಳು. “ಇಲ್ಲ.”

“ಮತ್ತೆ? ದಿಂಬಿನ ಮೇಲೆ ಇಟ್ಟ ಹಾಗೆ ಇಡು ಹೋಗು.”

ಎರಡನೆಯ ಸುತ್ತಿನಲ್ಲಿ ಮೊದಲ ಹನ್ನೆರಡೂ ಒಡೆದವು. ಚಹಾ ಕುಡಿಯಲು ಹೋಗಿದ್ದವರು ಲೋಟ ಹಿಡಿದುಕೊಂಡೇ ವಾಪಸು ಬಂದರು. ನರಸಿಂಹಯ್ಯ ಬರೆಯುವ ಕೆಲಸ ಬೇರೆಯವರಿಗೆ ಕೊಟ್ಟು ಬೇಲಿಯ ಹತ್ತಿರ ನಿಂತರು. ಈಶ್ವರನಿಗೆ ನೋಡಲಾಗಲಿಲ್ಲ, ನೆಲ ನೋಡುತ್ತ ಸದ್ದಿನಿಂದಲೇ ಲೆಕ್ಕ ಹಿಡಿದ. ಹದಿಮೂರನೆಯದು ತಪ್ಪಿತು, ಆಮೇಲೆ ಎರಡು ತಪ್ಪಿದವು. ಇಪ್ಪತ್ತೆರಡು. ಒಟ್ಟು ಮೂವತ್ತೊಂಬತ್ತು. ಮೈಸೂರಿನಿಂದ ಬಂದಿದ್ದವರೊಬ್ಬರು ನಲವತ್ತನಾಲ್ಕು ಒಡೆದು ಕಪ್ ಗೆದ್ದರು. ಐಶ್ವರ್ಯ ಐದನೆಯವಳು.

ಕಪ್ ಕೊಡುವ ಮೊದಲು ನರಸಿಂಹಯ್ಯ ಮಾತಾಡಿದರು. ನಂಜುಂಡಯ್ಯನವರು ಶಿಸ್ತಿಗೆ ಇನ್ನೊಂದು ಹೆಸರು, ಕೀರ್ತಿಗೆ ಆಸೆಪಟ್ಟವರಲ್ಲ, ಹೀಗೆ. ಆಮೇಲೆ ವಿಶಾಲಮ್ಮನವರನ್ನು ಎರಡು ಮಾತಾಡಿ ಎಂದರು. ವಿಶಾಲಮ್ಮ ಕೂತಲ್ಲಿಂದಲೇ ಹೇಳಿದರು:

“ಆಸೆ ಇತ್ತು. ಮೊದಲನೇ ಕಪ್ ಗೆದ್ದ ದಿನ ಮಾರ್ಕೆಟಿನಿಂದ ಅದರಲ್ಲೇ ಟೊಮೇಟೊ ತುಂಬಿಸ್ಕೊಂಡು ಬಸ್ಸಲ್ಲಿ ಬಂದ್ರು, ದಾರಿಯವರೆಲ್ಲ ಏನಿದು ಅಂತ ಕೇಳ್ಲಿ ಅಂತ. ಒಂದೂವರೆ ಕೆಜಿ ಹಿಡಿಸಿತ್ತು. ಸ್ಟಾಕಿಗೆ ಎಣ್ಣೆ ತಿಕ್ಕಿದ್ದು ನಾನು. ಅದನ್ನ ಯಾರಿಗೂ ಹೇಳ್ತಿರಲಿಲ್ಲ. ನಾನೂ ಹೇಳ್ಲಿಲ್ಲ. ಈಗ ಹೇಳ್ದೆ.”

ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಗೆದ್ದ ಮೈಸೂರಿನವರು ಕಪ್ ಹಿಡಿದುಕೊಂಡೇ ಬಂದು ಐಶ್ವರ್ಯಳ ಕೋವಿಯನ್ನು ನೋಡಬಹುದೇ ಎಂದು ಕೇಳಿದರು. ಅವರು ಅದನ್ನು ಭುಜಕ್ಕೆ ಇಟ್ಟು, ತಲೆ ಅಲ್ಲಾಡಿಸಿ, ಹಿಂದಕ್ಕೆ ಕೊಟ್ಟರು. “ನನಗೆ ಕೂರಲ್ಲ ಇದು. ನಿಮಗೆ ಬಿಟ್ಟು ಇನ್ಯಾರಿಗೂ ಕೂರಲ್ಲ,” ಎಂದರು.

ಹಿಂದಿರುಗುವಾಗ ಓಮ್ನಿಯಲ್ಲಿ ಮಹಾನಂದ ಮುಂದಿನ ಪಂದ್ಯ ಯಾವಾಗ, ಎಷ್ಟು ಬಿಲ್ಲೆ, ಮೈಸೂರಿನವರಿಗಿಂತ ಕಡಿಮೆಯಾದ ಆ ಐದನ್ನು ಎಲ್ಲಿ ಸಂಪಾದಿಸಬಹುದು ಎಂದು ಕೇಳುತ್ತಲೇ ಇದ್ದಳು. ಈಶ್ವರ “ಖರ್ಚು ನೋಡ್ಕೊಂಡು ಹೇಳ್ತೀನಿ” ಎಂದ. “ಖರ್ಚಿನ ವಿಚಾರ ನಿಮ್ಮನ್ನ ಯಾರು ಕೇಳಿದ್ರು?” ಎಂದಳು.

ಕಪ್ ಮನೆಗೆ ಬರಲಿಲ್ಲ. ನಂಜುಂಡಯ್ಯನವರ ಕೆನ್ನೆಯ ಗುರುತು ಹೋಯಿತು, ಅದು ಇನ್ನು ಎಲ್ಲಿಯೂ ಸಿಗುವುದಿಲ್ಲ. ಐಶ್ವರ್ಯಳಿಗೆ ತನ್ನ ಮೈಯ ಅಳತೆಗೆ ಸರಿಹೊಂದುವ ಕೋವಿ ಇದೆ. ಅದರಲ್ಲಿ ಅವಳು ಐವತ್ತಕ್ಕೆ ಮೂವತ್ತೊಂಬತ್ತು ಒಡೆದಳು, ತೋಳಿಗೆ ಒಂದು ಗುರುತೂ ಆಗಲಿಲ್ಲ.